ಭೂತಗಳಿಗೆ ಕಚಗುಳಿ ಇಟ್ಟವರು

ಕ್ರಿಸ್‌ಮಸ್ ಹಬ್ಬದ ಕಾಲ. ಊರಿಗೆಲ್ಲ ಹಿಮದ ಹೊದಿಕೆ. ಹಳೆಯ ಕಾಲದ ದೊಡ್ಡ ಮನೆಯೊಂದರ ಬಾಗಿಲ ಮುಂದೆ ನೆರೆಹೊರೆಯ ಸಭ್ಯ ಗೃಹಸ್ಥರು ಗುಂಪಾಗಿ ನಿಂತು, ಆ ದೇಶದ ಪದ್ಧತಿಯಂತೆ ಹಬ್ಬದ ಹಾಡು ಹೇಳುತ್ತಿದ್ದಾರೆ. ಅವರ ನೆತ್ತಿಯ ನೇರಕ್ಕೆ, ಮಾಳಿಗೆಯ ತುದಿಯಲ್ಲಿ, ಆ ಮನೆಯವರು ನಿಂತಿದ್ದಾರೆ: ಕಪ್ಪು ನಿಲುವಂಗಿ ತೊಟ್ಟ ಬಿಳಿಚಿದ ಗೃಹಿಣಿ, ಕುಳ್ಳನೆಯ ಯಜಮಾನ, ಬೀರುವಿನಷ್ಟು ಎತ್ತರದ ಒಬ್ಬ ಆಳು. ಅವರೆದುರು ದೊಡ್ಡದೊಂದು ಹಂಡೆ. ಹಂಡೆಯಿಂದ ಹಬೆ ಏಳುತ್ತಿದೆ. ಹಂಡೆ ವಾಲಿದೆ. ಇನ್ನೊಂದು ಗಳಿಗೆ ಕಳೆದರೆ—

ಚಿತ್ರ ಅಲ್ಲಿಗೇ ನಿಂತಿದೆ. 1946ರ ಡಿಸೆಂಬರ್ ತಿಂಗಳಲ್ಲಿ ಅಮೆರಿಕದ ‘ನ್ಯೂಯಾರ್ಕರ್’ ವಾರಪತ್ರಿಕೆಯ ಓದುಗರು ಇದನ್ನು ಕಂಡರು. ಅಡಿಯಲ್ಲಿ ಒಂದಕ್ಷರದ ವಿವರಣೆಯೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಬಾಗಿಲಿಗೆ ಬಂದು ಹಾಡುವವರನ್ನು ಮುಗುಳ್ನಗೆಯಿಂದಲೇ ಸಹಿಸಿಕೊಂಡು ಬಂದಿದ್ದ ಮರ್ಯಾದಸ್ಥರು, ತಮ್ಮ ಮನಸ್ಸಿನ ಮೂಲೆಯಲ್ಲಿದ್ದುದನ್ನು ಯಾರೋ ಕದ್ದು ನೋಡಿಬಿಟ್ಟರಲ್ಲಾ ಎಂದು ಮೊದಲು ಬೆಚ್ಚಿ, ಆಮೇಲೆ ನಕ್ಕಿರಬೇಕು.

ಬರೆದಾತ ಚಾರ್ಲ್ಸ್ ಆಡಮ್ಸ್. ನ್ಯೂಜೆರ್ಸಿ ಸಂಸ್ಥಾನದ ವೆಸ್ಟ್‌ಫೀಲ್ಡ್ ಎಂಬ ಊರಿನಲ್ಲಿ 1912ರಲ್ಲಿ ಹುಟ್ಟಿದವನು. ಹಳೆಯ ಮನೆಗಳೆಂದರೆ, ಸ್ಮಶಾನವೆಂದರೆ ಬಾಲ್ಯದಿಂದಲೂ ಆತನಿಗೆ ಅಕ್ಕರೆ. ಚಿತ್ರಕಲೆಯ ಅಭ್ಯಾಸ ಮುಗಿಸಿದ ಹೊಸದರಲ್ಲಿ ಅಪರಾಧ ಪ್ರಕರಣಗಳ ಪತ್ರಿಕೆಯೊಂದರಲ್ಲಿ ಆತನಿಗೆ ಕೆಲಸ ಸಿಕ್ಕಿತು. ಕೊಲೆಯಾದವರ ಫೋಟೋಗಳು ಬಂದಾಗ ಓದುಗರ ಕಣ್ಣಿಗೆ ರಕ್ತ ರಾಚದಂತೆ ಅವನ್ನು ತಿದ್ದಿ ಕೊಡುವುದು ಅಲ್ಲಿಯ ಉದ್ಯೋಗ. ಮುಂದೆ ಆತ ಬರೆದ 1300ಕ್ಕೂ ಮಿಕ್ಕ ನಗೆಚಿತ್ರಗಳಲ್ಲಿ ಕೊಲೆಯ ಸುಳಿವು ಹೇರಳವಾಗಿದೆ, ರಕ್ತವನ್ನು ಹುಡುಕಬೇಕು. ಆ ಮೊದಲ ಉದ್ಯೋಗ ಕಲಿಸಿದ ಪಾಠ ವ್ಯರ್ಥವಾಗಲಿಲ್ಲ.

ಹಂಡೆ ಹಿಡಿದ ಸಂಸಾರ 1938ರಿಂದಲೇ ಪತ್ರಿಕೆಯ ಪುಟಗಳಲ್ಲಿ ಇಣುಕತೊಡಗಿತ್ತು. ಜೇಡರ ಬಲೆ ಕಟ್ಟಿದ ಮನೆಗೆ ಧೂಳು ಹೀರುವ ಯಂತ್ರವನ್ನು ಮಾರಲು ಬಂದ ಒಬ್ಬ ಬಡಪಾಯಿ, ಅದರ ಗುಣವನ್ನು ಉತ್ಸಾಹದಿಂದ ಬಣ್ಣಿಸುತ್ತಿರುವುದು ಆ ಮೊದಲ ಚಿತ್ರ. ಆ ಜನಕ್ಕೆ ಹೆಸರಿರಲಿಲ್ಲ. 1964ರಲ್ಲಿ ‘ಆಡಮ್ಸ್ ಫ್ಯಾಮಿಲಿ’ ಎಂದು ಟೆಲಿವಿಷನ್ನಿಗೆ ಹತ್ತಿದ ಬಳಿಕವೇ ಲೋಕ ಅವರನ್ನು ಮೊರ್ಟಿಷಿಯಾ, ಗೋಮೆಜ್, ಲರ್ಚ್ ಎಂದು ಕರೆಯತೊಡಗಿತು. ಹೆಸರು ಬರುವುದಕ್ಕೆ ಎಷ್ಟೋ ಮುಂಚೆ ಆ ಎತ್ತರದ ಆಳನ್ನು ಕಂಡವರಿಗೆ, ಈ ಮುಖವನ್ನು ಎಲ್ಲಿಯೋ ನೋಡಿದ್ದೇವೆ ಎನಿಸುತ್ತಿತ್ತು. ನೋಡಿದ್ದೂ ನಿಜ. ಅದು ಹಾಲಿವುಡ್ಡಿನ ಒಂದು ಭಯಾನಕ ಚಿತ್ರದಿಂದ ಬಂದ ಮುಖ.

ಹಳೆಯ ಭಯಾನಕ ಚಿತ್ರಗಳಿಗೆ ಒಂದು ಭಕ್ತಮಂಡಳಿಯೇ ಇದೆ. ಅಂಥವನ್ನು ಅಲ್ಲಿಯವರು ‘ಕಲ್ಟ್’ ಚಿತ್ರಗಳೆನ್ನುತ್ತಾರೆ. ತೆರೆಗೆ ಬಂದ ಕಾಲದಲ್ಲಿ ಚಿತ್ರಮಂದಿರದಲ್ಲಿ ಹೆಂಗಸರನ್ನೂ ಮಕ್ಕಳನ್ನೂ ಚೀರಿಸಿದ ಚಿತ್ರಗಳನ್ನು ಆ ಮಂಡಳಿಯವರು ಮತ್ತೆ ಮತ್ತೆ ನೋಡುತ್ತಾರೆ. ಹೆದರಿಕೆ ಹೋಗಿ ಅಕ್ಕರೆ ಹುಟ್ಟುತ್ತದೆ. ಅಕ್ಕರೆ ಹುಟ್ಟಿದ ಮೇಲೆ ಪೆನ್ಸಿಲು ಸುಮ್ಮನಿರುವುದಿಲ್ಲ. ಆಡಮ್ಸ್‌ನಿಂದ ಮೊದಲ್ಗೊಂಡು ಈವರೆಗೆ ಎಷ್ಟೋ ಮಂದಿ ಚಿತ್ರಕಾರರು ಆ ಭೂತಗಳಿಂದ ಅನ್ನ ಸಂಪಾದಿಸಿದ್ದಾರೆ. ಆದರೆ ಆ ಭೂತಗಳನ್ನು ಹುಟ್ಟಿಸಿದವರಿಗೆ ದಕ್ಕಿದ್ದೆಷ್ಟು? ಅದು ಅಷ್ಟು ನಗೆಯ ವಿಷಯವಲ್ಲ.

ಮಡಕೆಯ ಮುಚ್ಚಳ

ಭಯಾನಕ ಚಿತ್ರಗಳು ಹುಟ್ಟಿನಿಂದಲೇ ಚಿತ್ರಕಾರರ ಸೊತ್ತು. 1920ರ ಜರ್ಮನ್ ಮೂಕಚಿತ್ರ ‘ಡಾಕ್ಟರ್ ಕಾಲಿಗರಿಯ ಪೆಟ್ಟಿಗೆ’ಯಲ್ಲಿ ಬೀದಿಗಳು ಸೊಟ್ಟಗಿವೆ, ಕಿಟಕಿಗಳು ಓರೆಯಾಗಿವೆ, ನೆರಳುಗಳನ್ನು ಕೂಡ ಪರದೆಗಳ ಮೇಲೆ ಕುಂಚದಿಂದಲೇ ಬರೆಯಲಾಗಿತ್ತು. 1922ರ ‘ನೋಸ್ಫೆರಾತು’ ಚಿತ್ರದ ರಂಗಸಜ್ಜು, ಉಡುಪು, ಭಿತ್ತಿಪತ್ರ ಎಲ್ಲವೂ ಆಲ್ಬಿನ್ ಗ್ರೌ ಎಂಬ ಚಿತ್ರಕಾರನ ಕೈಯವು. ಇಲಿಯ ಹಲ್ಲು, ಬಾವಲಿಯ ಕಿವಿ, ಉದ್ದನೆಯ ಉಗುರುಗಳ ಆ ರಕ್ತಪಿಪಾಸು ಪ್ರಭುವನ್ನು ಇಂದು ನೋಡಿದರೆ, ಇದನ್ನು ಇನ್ನಷ್ಟು ವಿಕಾರ ಮಾಡಿ ನಗಿಸುವುದೆಂತು ಎಂದು ವ್ಯಂಗ್ಯಚಿತ್ರಕಾರನೇ ಯೋಚಿಸಬೇಕು. ಆ ಚಿತ್ರ ಬ್ರಾಮ್ ಸ್ಟೋಕರನ ‘ಡ್ರಾಕುಲಾ’ ಕಾದಂಬರಿಯಿಂದ ಅಪ್ಪಣೆಯಿಲ್ಲದೆ ಎತ್ತಿಕೊಂಡ ಕಥೆ. ಕಾದಂಬರಿಕಾರನ ವಿಧವೆ ಕೋರ್ಟಿಗೆ ಹೋದಳು. 1925ರಲ್ಲಿ ಪ್ರತಿಗಳನ್ನೆಲ್ಲ ನಾಶಮಾಡಬೇಕೆಂದು ಆಜ್ಞೆಯಾಯಿತು. ಹೇಗೋ ಕೆಲವು ಪ್ರತಿಗಳು ಅಡಗಿ ಉಳಿದವು. ಭೂತವಲ್ಲವೇ, ಅಷ್ಟು ಸುಲಭವಾಗಿ ಸಾಯುವುದೆಂತು!

ಜರ್ಮನಿಯಲ್ಲಿ ‘ಗೋಲೆಮ್’ ಚಿತ್ರಕ್ಕೆ ಛಾಯಾಗ್ರಾಹಕನಾಗಿದ್ದ ಕಾರ್ಲ್ ಫ್ರಾಯಿಂಡ್ ಅಮೆರಿಕಕ್ಕೆ ಬಂದು, 1931ರ ಫೆಬ್ರವರಿಯಲ್ಲಿ ತೆರೆಗೆ ಬಂದ ಯೂನಿವರ್ಸಲ್ ಕಂಪನಿಯ ‘ಡ್ರಾಕುಲಾ’ ವಾಕ್ಚಿತ್ರಕ್ಕೆ ಕ್ಯಾಮೆರಾ ಹಿಡಿದ. ಹಂಗೆರಿಯಿಂದ ವಲಸೆ ಬಂದಿದ್ದ ಬೇಲಾ ಲುಗೋಸಿ ಅದರ ನಾಯಕ. ಅದೇ ವರ್ಷ ನವೆಂಬರಿನಲ್ಲಿ, ಜೇಮ್ಸ್ ವ್ಹೇಲ್ ನಿರ್ದೇಶಿಸಿದ ‘ಫ್ರಾಂಕೆನ್‌ಸ್ಟೈನ್’ ಬಂದಿತು. ಫ್ರಾಂಕೆನ್‌ಸ್ಟೈನ್ ಎಂಬುದು ಹೆಣದ ತುಂಡುಗಳನ್ನು ಜೋಡಿಸಿ ಜೀವ ಕೊಟ್ಟ ವಿಜ್ಞಾನಿಯ ಹೆಸರು. ಆ ಪಾಪದ ಪ್ರಾಣಿಗೆ ಹೆಸರೇ ಇಲ್ಲ. ಲೋಕ ಮಾತ್ರ ಇಂದಿಗೂ ಸೃಷ್ಟಿಕರ್ತನ ಹೆಸರಿನಿಂದಲೇ ಸೃಷ್ಟಿಯನ್ನು ಕರೆಯುತ್ತದೆ.

ಆ ಪ್ರಾಣಿಯ ವೇಷ ಹಾಕಿದವನಿಗೆ ಆಗ 44ರ ಹತ್ತಿರ ವಯಸ್ಸು. ಲಂಡನ್ನಿನಲ್ಲಿ ಹುಟ್ಟಿದ ಆತನ ನಿಜನಾಮ ವಿಲಿಯಂ ಹೆನ್ರಿ ಪ್ರಾಟ್. ತಂದೆ ಹಿಂದೂಸ್ಥಾನದಲ್ಲಿ ಬ್ರಿಟಿಷರ ಉಪ್ಪಿನ ತೆರಿಗೆಯ ಇಲಾಖೆಯಲ್ಲಿದ್ದವನು. ಸಯಾಮಿನ ಅರಮನೆಯಲ್ಲಿ ರಾಜಕುಮಾರರಿಗೆ ಪಾಠ ಹೇಳಿ ಪ್ರಸಿದ್ಧಳಾದ ಆನಾ ಲಿಯೊನೊವೆನ್ಸ್ ಆತನ ತಾಯಿಗೆ ಚಿಕ್ಕಮ್ಮ. ನಾಟಕದ ಹುಚ್ಚಿನಿಂದ ಮನೆ ಬಿಟ್ಟು ಬಂದು, ಕೂಲಿ ಮಾಡಿ, ಲಾರಿ ಓಡಿಸಿ, ಸಣ್ಣಪುಟ್ಟ ಪಾತ್ರಗಳಲ್ಲಿ ಕಾಲ ಕಳೆಯುತ್ತಿದ್ದ ಈತ ರಂಗಕ್ಕಾಗಿ ಇಟ್ಟುಕೊಂಡ ಹೆಸರು ಬೋರಿಸ್ ಕಾರ್ಲಾಫ್. ಚಿತ್ರದ ಆರಂಭದ ನಟವರ್ಗದ ಪಟ್ಟಿಯಲ್ಲಿ ಆತನ ಹೆಸರಿನ ಸ್ಥಳದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನಷ್ಟೇ ಹಾಕಿದ್ದರು.

ಜಗತ್ತಿನ ಯಾವ ಮೂಲೆಯ ಹುಡುಗನಾದರೂ ಇಂದು ಬರೆಯಬಲ್ಲ ಆ ಚಪ್ಪಟೆ ತಲೆ, ಕುತ್ತಿಗೆಯ ಎರಡು ಮೊಳೆಗಳು, ಹಸಿರು ಚರ್ಮ—ಇವು ಯಾವುವೂ ಮೇರಿ ಷೆಲ್ಲಿ 1818ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿಲ್ಲ. ಅವೆಲ್ಲ ಜ್ಯಾಕ್ ಪಿಯರ್ಸ್ ಎಂಬ ಗ್ರೀಸ್ ದೇಶದಿಂದ ಬಂದ ವರ್ಣಾಲಂಕಾರಕಾರನ ಬುದ್ಧಿಯಿಂದ ಹುಟ್ಟಿದವು. ಮಿದುಳನ್ನು ಒಳಗಿಡುವುದಕ್ಕೆ ವೈದ್ಯ ತಲೆಯನ್ನು ಹೇಗೆ ತೆರೆದಾನು? ಅತಿ ಸುಲಭದ ದಾರಿ ಮಡಕೆಯ ಮುಚ್ಚಳದಂತೆ ನೇರವಾಗಿ ಕೊಯ್ದು ತೆಗೆಯುವುದು—ಹೀಗೆ ಪಿಯರ್ಸನ ತರ್ಕ. ಆದ್ದರಿಂದ ತಲೆ ಚಪ್ಪಟೆ, ಹಣೆಯ ಮೇಲೆ ಹೊಲಿಗೆ. ಕುತ್ತಿಗೆಯಲ್ಲಿರುವುದು ಮೊಳೆಯಲ್ಲ, ವಿದ್ಯುಚ್ಛಕ್ತಿ ಒಳಹೋಗುವ ದ್ವಾರ. ಹಸಿರಿಗೂ ಕಾರಣವುಂಟು: ಕಪ್ಪು-ಬಿಳುಪಿನ ಫಿಲ್ಮಿನಲ್ಲಿ ಚರ್ಮ ಹೆಣದಂತೆ ಬಿಳಿಚಿ ಕಾಣಬೇಕಾದರೆ ಹಸಿರು ಬೆರೆತ ಬೂದುಬಣ್ಣ ಬಳಿಯಬೇಕಾಗಿತ್ತು. ತೆರೆಯ ಮೇಲೆ ಯಾರೂ ಕಾಣದಿದ್ದ ಆ ಬಣ್ಣವೇ ಮುಂದೆ ವರ್ಣಚಿತ್ರಗಳಲ್ಲಿ ಆ ಪ್ರಾಣಿಯ ಹುಟ್ಟುಬಣ್ಣವಾಗಿಬಿಟ್ಟಿತು. ಅರೆಮುಚ್ಚಿದ ರೆಪ್ಪೆಗಳು ಕಾರ್ಲಾಫನ ಸ್ವಂತ ಸಲಹೆ. ಕಣ್ಣುಗಳು ತೀರ ಎಚ್ಚರವಾಗಿ ಕಾಣುತ್ತವೆಂದು ಮೇಣ ಮೆತ್ತಿಸಿಕೊಂಡ. ಬಾಯೊಳಗಿನ ಕಟ್ಟಿಸಿದ ಹಲ್ಲನ್ನು ತೆಗೆದಿಟ್ಟು ಒಂದು ಕೆನ್ನೆ ಒಳಸೇರುವಂತೆ ಮಾಡಿಕೊಂಡ. ದಿನವೂ ಸುಮಾರು ನಾಲ್ಕು ತಾಸು ಈ ಅಲಂಕಾರ. ಬಣ್ಣದ ವೇಷದವರು ಮುಖಕ್ಕೆ ಅಕ್ಕಿಹಿಟ್ಟಿನ ಚುಟ್ಟಿ ಇಡುತ್ತ ಚೌಕಿಯಲ್ಲಿ ಗಂಟೆಗಟ್ಟಲೆ ಕುಳಿತಿರುವುದನ್ನು ಬಲ್ಲ ಕನ್ನಡ ಕರಾವಳಿಯವರಿಗೆ ಈ ತಾಳ್ಮೆಯಲ್ಲಿ ಸೋಜಿಗವೇನೂ ಕಾಣದು.

ಪಿಯರ್ಸನ ಕೈಯಿಂದಲೇ 1932ರಲ್ಲಿ ಈಜಿಪ್ಟಿನ ‘ಮಮ್ಮಿ’, 1935ರಲ್ಲಿ ‘ಫ್ರಾಂಕೆನ್‌ಸ್ಟೈನನ ವಧು’, 1941ರಲ್ಲಿ ‘ತೋಳ-ಮನುಷ್ಯ’ ಹೊರಬಂದವು. ವಧುವಿನ ನೆಟ್ಟಗೆ ನಿಂತ ಕೂದಲಿಗೆ ಈಜಿಪ್ಟಿನ ರಾಣಿ ನೆಫರ್ತಿತಿಯ ಶಿರೋಭೂಷಣವೇ ಸ್ಫೂರ್ತಿ. ಎರಡೂ ಪಕ್ಕದಲ್ಲಿ ಮಿಂಚಿನಂತೆ ಏರಿದ ಬಿಳಿಯ ಎಳೆ.

ನಗಿಸುವ ಯುಕ್ತಿ

ವ್ಯಂಗ್ಯಚಿತ್ರಕಾರನಿಗೆ ಇಂಥ ಮುಖಗಳು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಒಬ್ಬ ಮಂತ್ರಿಯ ಮುಖವನ್ನು ವ್ಯಂಗ್ಯವಾಗಿ ಬರೆಯಬೇಕಾದರೆ ಮೂಗನ್ನೋ ಮೀಸೆಯನ್ನೋ ಹುಡುಕಿ ಹಿಗ್ಗಿಸಬೇಕು. ಇಲ್ಲಿ ವರ್ಣಾಲಂಕಾರಕಾರನೇ ಎಲ್ಲವನ್ನೂ ಹಿಗ್ಗಿಸಿ ಕೊಟ್ಟಿದ್ದಾನೆ. ಇಡೀ ಆಕೃತಿಯನ್ನು ಮಸಿಯಿಂದ ತುಂಬಿಬಿಟ್ಟರೂ ಗುರುತು ತಪ್ಪದು: ಎತ್ತಿದ ಕಾಲರಿನ ನಿಲುವಂಗಿಯಾದರೆ ಡ್ರಾಕುಲಾ, ಚೌಕ ತಲೆಯಾದರೆ ಕಾರ್ಲಾಫ್, ಗೋಪುರದ ಕೂದಲಾದರೆ ವಧು.

ಆದರೆ ಭೂತವನ್ನು ಬರೆದ ಮಾತ್ರಕ್ಕೆ ನಗೆ ಹುಟ್ಟುವುದಿಲ್ಲ. ಅದನ್ನು ಸಂಸಾರದ ನಡುವೆ ತಂದು ಕೂರಿಸಬೇಕು. ರಕ್ತ ಕುಡಿಯುವವನಿಗೂ ಹಲ್ಲುನೋವು ಬರುತ್ತದೆ. ತೋಳ-ಮನುಷ್ಯನೂ ಹುಣ್ಣಿಮೆಯ ಮರುದಿನ ಕ್ಷೌರದವನ ಮುಂದೆ ಕೂರಬೇಕು. ಹೆಣದ ತುಂಡುಗಳ ದೇಹಕ್ಕೆ ದರ್ಜಿ ಅಳತೆ ತೆಗೆಯಬೇಕು. ಇಲ್ಲಿ ಒಂದು ನಿಯಮವಿದೆ, ಅದನ್ನು ಮುರಿದವರ ಚಿತ್ರ ಸೋಲುತ್ತದೆ: ತಾನು ನಗೆಪಾಟಲಾಗಿದ್ದೇನೆಂದು ಭೂತಕ್ಕೆ ತಿಳಿದಿರಬಾರದು. ಅದು ಗಂಭೀರವಾಗಿರಬೇಕು, ಸಾಧ್ಯವಾದರೆ ಸ್ವಲ್ಪ ಸಂಭಾವಿತವಾಗಿಯೂ ಇರಬೇಕು. ಕಣ್ಣು ಮಿಟುಕಿಸುವ ಭೂತ ಯಾರನ್ನೂ ನಗಿಸದು.

ಆಡಮ್ಸ್ ಈ ನಿಯಮವನ್ನು ಬಹುಮಟ್ಟಿಗೆ ಮೀರಲಿಲ್ಲ. ಮಸಿಯನ್ನು ನೀರಿನಲ್ಲಿ ತೆಳುಮಾಡಿ, ಬೂದಿಯ ಹತ್ತಾರು ಛಾಯೆಗಳನ್ನು ಒಂದರ ಮೇಲೊಂದು ಹರಡಿ ಬರೆಯುವುದು ಆತನ ರೀತಿ. ಹಾಗೆ ಬರೆದ ಕೋಣೆಗಳಲ್ಲಿ ಆ ಹಳೆಯ ಚಲಚ್ಚಿತ್ರಗಳ ಬೆಳಕೇ ಇದೆ: ಮೂಲೆಗಳು ಕತ್ತಲೆ, ಮುಖ ಮಾತ್ರ ಬಿಳುಪು. 1940ರಲ್ಲಿ ಬಂದ ಒಂದು ಚಿತ್ರದಲ್ಲಿ, ಹಿಮದ ಮೇಲೆ ಜಾರಿಹೋದವನ ಎರಡು ಹಲಗೆಗಳ ಗುರುತು ಒಂದು ಮರದ ಎಡಕ್ಕೊಂದು, ಬಲಕ್ಕೊಂದು ಹಾದುಹೋಗಿದೆ. ಹೇಗೆ ಹೋದ ಎಂಬುದನ್ನು ಚಿತ್ರಕಾರ ಹೇಳುವುದಿಲ್ಲ. ಇನ್ನೊಂದು ಚಿತ್ರದಲ್ಲಿ ಸಿನಿಮಾ ಮಂದಿರದ ತುಂಬ ಜನ ಕುಳಿತಿದ್ದಾರೆ. ತೆರೆಯ ಮೇಲಿನ ದುಃಖಕ್ಕೆ ಎಲ್ಲರ ಮುಖವೂ ಬಾಡಿದೆ. ನಡುವೆ ಕುಳಿತ ಬೋಳುತಲೆಯ ಒಬ್ಬಾತ ಮಾತ್ರ ಕಿವಿಯಿಂದ ಕಿವಿಗೆ ಹಲ್ಲು ಬಿಟ್ಟು ಆನಂದಿಸುತ್ತಿದ್ದಾನೆ. ಭಯಾನಕ ಚಿತ್ರಗಳ ಭಕ್ತನ ಭಾವಚಿತ್ರ ಇದಕ್ಕಿಂತ ಚೆನ್ನಾಗಿ ಬಂದಿರಲಾರದು.

ಕಾರ್ಲಾಫ್ ಈ ವಿನೋದವನ್ನು ಮನಸಾರೆ ಒಪ್ಪಿದವನು. ಆಡಮ್ಸ್‌ನ ಮೊದಲ ಚಿತ್ರಸಂಗ್ರಹ 1942ರಲ್ಲಿ ಪ್ರಕಟವಾದಾಗ ಮುನ್ನುಡಿ ಬರೆದವನು ಆತನೇ. ಅದಕ್ಕೆ ಮುಂಚೆ, 1941ರಲ್ಲಿ, ನ್ಯೂಯಾರ್ಕಿನ ರಂಗಭೂಮಿಯಲ್ಲಿ ‘ಆರ್ಸೆನಿಕ್ ಅಂಡ್ ಓಲ್ಡ್ ಲೇಸ್’ ಎಂಬ ಹಾಸ್ಯನಾಟಕ ಆರಂಭವಾಯಿತು. ಅದರಲ್ಲಿ ಒಬ್ಬ ಕೊಲೆಗಡುಕ. ಮುಖಕ್ಕೆ ಶಸ್ತ್ರಕ್ರಿಯೆ ಮಾಡಿಸಿಕೊಂಡು ಕಾರ್ಲಾಫನಂತೆ ಕಾಣತೊಡಗಿದವನು. ಯಾರಾದರೂ ಹಾಗೆಂದರೆ ಕೆಂಡವಾಗುವವನು. ಆ ಪಾತ್ರವನ್ನು ವಹಿಸಿದವನು ಸ್ವತಃ ಕಾರ್ಲಾಫ್! ಮಕ್ಕಳು ತನಗೆ ಬರೆಯುವ ಪತ್ರಗಳಲ್ಲಿ ಆ ಪ್ರಾಣಿಯ ಬಗ್ಗೆ ಭಯಕ್ಕಿಂತ ಕನಿಕರವೇ ಹೆಚ್ಚೆಂದು ಆತ ಸಂತೋಷದಿಂದ ಹೇಳಿಕೊಳ್ಳುತ್ತಿದ್ದ. ಒಳ್ಳೆಯ ನಗೆಚಿತ್ರಗಳೆಲ್ಲ ಆ ಕನಿಕರದಿಂದಲೇ ಹುಟ್ಟಿದವು ಎಂದರೆ ತಪ್ಪಾಗದು.

ವಿಚಾರಣೆಯ ಬಿರುಗಾಳಿ

ಜಾರ್ಜಿಯಾ ಸಂಸ್ಥಾನದ ಅಟ್ಲಾಂಟಾದಲ್ಲಿ 1924ರಲ್ಲಿ ಹುಟ್ಟಿದ ಜ್ಯಾಕ್ ಡೇವಿಸನ ದಾರಿ ಬೇರೆ. ಆಡಮ್ಸ್ ಶ್ರೀಮಂತ ಪತ್ರಿಕೆಯ ನುಣುಪು ಕಾಗದಕ್ಕೆ ಬರೆದರೆ, ಈತ ಹತ್ತು ಸೆಂಟಿನ ಚಿತ್ರಪುಸ್ತಕಗಳ ಒರಟು ಕಾಗದಕ್ಕೆ ಬರೆದ. 1950ರ ಸುಮಾರಿಗೆ ‘ಈಸಿ’ ಎಂಬ ಸಂಸ್ಥೆ ಪ್ರಕಟಿಸುತ್ತಿದ್ದ ಭಯಾನಕ ಕಥೆಗಳ ಪುಸ್ತಕಗಳಲ್ಲಿ ಗೋರಿಯ ಕಾವಲುಗಾರ ಮುದುಕನೊಬ್ಬ ಹಲ್ಲು ಕಿರಿಯುತ್ತ ಕಥೆ ಹೇಳುತ್ತಿದ್ದ. ಆ ಮುದುಕನಿಗೆ ರೂಪು ಕೊಟ್ಟವರಲ್ಲಿ ಡೇವಿಸ್ ಪ್ರಮುಖ. ದೊಡ್ಡ ಪಾದ, ಕಡ್ಡಿಯಂಥ ಕೈಕಾಲು, ಬುರುಡೆಯಂಥ ತಲೆ, ಹಣೆಯಿಂದ ಚಿಮ್ಮುವ ಬೆವರ ಹನಿ. ಗೀರಿನ ಮೇಲೆ ಗೀರು ಎಳೆದು ತುಂಬಿದ ನೆರಳು. ವೇಗಕ್ಕೆ ಆತ ಹೆಸರಾದವನು. ಹೆದರಿಸುವುದಕ್ಕೆಂದು ಬರೆದ ಚಿತ್ರದಲ್ಲಿಯೂ ಆತನ ಕೈ ನಗೆಯ ಕಡೆಗೇ ಜಾರುತ್ತಿತ್ತು. 1952ರ ಶರತ್ಕಾಲದಲ್ಲಿ ಅದೇ ಸಂಸ್ಥೆ ‘ಮ್ಯಾಡ್’ ಎಂಬ ಹಾಸ್ಯಪತ್ರಿಕೆಯನ್ನು ಆರಂಭಿಸಿದಾಗ, ಮೊದಲ ಸಂಚಿಕೆಯಲ್ಲಿ ದೆವ್ವದ ಮನೆಯ ಕಥೆಯನ್ನು ಗೇಲಿಮಾಡುವ ಚಿತ್ರಗಳನ್ನು ಬರೆದವನು ಡೇವಿಸನೇ.

ಅಷ್ಟರಲ್ಲಿ ಬಿರುಗಾಳಿ ಎದ್ದಿತು. ಮಕ್ಕಳು ಕೆಡುವುದಕ್ಕೆ ಈ ಪುಸ್ತಕಗಳೇ ಕಾರಣವೆಂದು ಮನೋವೈದ್ಯ ಫ್ರೆಡ್ರಿಕ್ ವರ್ದಮ್ 1954ರಲ್ಲಿ ಒಂದು ಗ್ರಂಥವನ್ನೇ ಬರೆದ. ಅದೇ ವರ್ಷ ಏಪ್ರಿಲಿನಲ್ಲಿ ಅಮೆರಿಕದ ಸೆನೆಟ್ಟಿನ ಉಪಸಮಿತಿ ವಿಚಾರಣೆಗೆ ಕುಳಿತಿತು. ಈಸಿ ಸಂಸ್ಥೆಯ ಒಡೆಯ ವಿಲಿಯಂ ಗೇನ್ಸ್ ಅದರ ಮುಂದೆ ಸಾಕ್ಷ್ಯ ಹೇಳಿದ. ಪ್ರಕಾಶಕರೆಲ್ಲ ಸೇರಿ ತಮಗೆ ತಾವೇ ಒಂದು ಕಟ್ಟಳೆ ವಿಧಿಸಿಕೊಂಡರು. ರಕ್ತ ಹೀರುವವರು, ನಡೆದಾಡುವ ಹೆಣಗಳು, ತೋಳ-ಮನುಷ್ಯರು ಚಿತ್ರಪುಸ್ತಕಗಳಿಂದ ಬಹಿಷ್ಕೃತರಾದರು. ‘ಭಯ’ ಎಂಬ ಶಬ್ದವೇ ಹೆಸರಿನಲ್ಲಿ ಬರಕೂಡದೆಂದಾಯಿತು. 1971ರಲ್ಲಿ ಸಡಿಲವಾಗುವವರೆಗೂ ಆ ಕಟ್ಟು ನಿಂತಿತು. ಎಳೆಯ ಮಕ್ಕಳ ಕೈಗೆ ಸಿಗುತ್ತಿದ್ದ ಆ ಕಥೆಗಳಲ್ಲಿ ಕೆಲವು ನಿಜವಾಗಿಯೂ ಅಸಹ್ಯವಾಗಿದ್ದವು, ತಾಯಿತಂದೆಯರ ಆತಂಕ ಹುರುಳಿಲ್ಲದ್ದಲ್ಲ. ಆದರೆ ಗೋಧಿಯ ಜೊತೆಗೆ ಹುಳುವನ್ನು ಸುಡಹೊರಟು ಕಣಜವನ್ನೇ ಸುಟ್ಟರು. ಎಷ್ಟೋ ಚಿತ್ರಕಾರರ ಕೈಗೆ ಕೆಲಸವಿಲ್ಲವಾಯಿತು. ಗೇನ್ಸನ ಭಯಾನಕ ಪುಸ್ತಕಗಳು ಮುಚ್ಚಿಹೋದವು. 1955ರಲ್ಲಿ ದೊಡ್ಡ ಆಕಾರದ ಪತ್ರಿಕೆಯಾಗಿ ಮಾರ್ಪಟ್ಟ ‘ಮ್ಯಾಡ್’ ಮಾತ್ರ ಕಟ್ಟಳೆಯ ಹೊರಗುಳಿದು ಬದುಕಿತು.

ಪುಸ್ತಕದ ಬಾಗಿಲಿನಿಂದ ಹೊರದೂಡಿದ ಭೂತಗಳು ಟೆಲಿವಿಷನ್ನಿನ ಕಿಟಕಿಯಿಂದ ಒಳಬಂದವು. 1957ರಲ್ಲಿ ಯೂನಿವರ್ಸಲ್ ಕಂಪನಿಯ 52 ಹಳೆಯ ಚಿತ್ರಗಳನ್ನು ಒಂದು ಗಂಟಾಗಿ ಕಟ್ಟಿ ಟೆಲಿವಿಷನ್ ನಿಲಯಗಳಿಗೆ ಮಾರಲಾಯಿತು. ರಾತ್ರಿಯ ಹೊತ್ತು ಅವನ್ನು ತೋರಿಸುವಾಗ ನಡುನಡುವೆ ಮಾತನಾಡಲು ಒಬ್ಬೊಬ್ಬ ಸೂತ್ರಧಾರ. ಫಿಲಡೆಲ್ಫಿಯಾದ ಜಾನ್ ಜಾಕರ್ಲೆ ಎಂಬಾತ ಹೆಣದ ವೇಷದಲ್ಲಿ ಬಂದು, ಚಿತ್ರ ನಡೆಯುತ್ತಿರುವಾಗಲೇ ಅದರೊಳಗೆ ತನ್ನ ಮುಖ ತೂರಿಸಿ ಗೇಲಿಮಾಡುತ್ತಿದ್ದ. ಮರುವರ್ಷ ಈ ಭಕ್ತರಿಗಾಗಿಯೇ ‘ಫೇಮಸ್ ಮಾನ್ಸ್‌ಟರ್ಸ್ ಆಫ್ ಫಿಲ್ಮ್‌ಲ್ಯಾಂಡ್’ ಎಂಬ ಪತ್ರಿಕೆ ಹೊರಟಿತು. ಒಂದೇ ಸಂಚಿಕೆಯೆಂದು ತೊಡಗಿದ್ದು ವರ್ಷಗಟ್ಟಲೆ ನಡೆಯಿತು. ಅಪ್ಪಂದಿರು ಹೆದರಿದ ಚಿತ್ರಗಳಿಗೆ ಮಕ್ಕಳು ನಗತೊಡಗಿದರು. 1959ರಲ್ಲಿ ಟಾಪ್ಸ್ ಕಂಪನಿ ಅಗಿಯುವ ಗೋಂದಿನ ಮಿಠಾಯಿಯ ಜೊತೆಗೆ ಹಂಚಲು ತಮಾಷೆಯ ಭೂತಗಳ ಚೀಟಿಗಳನ್ನು ಹೊರಡಿಸಿತು. ಬರೆದವನು ಜ್ಯಾಕ್ ಡೇವಿಸ್. ಐದು ವರ್ಷದ ಹಿಂದೆ ಮಕ್ಕಳ ಕೈಯಿಂದ ಕಿತ್ತುಕೊಂಡಿದ್ದನ್ನು ಈಗ ಮಿಠಾಯಿಯ ಜೊತೆಗೆ ಅವರ ಕೈಗೇ ಕೊಟ್ಟಂತಾಯಿತು! ಬಳಿಕ, 1967ರ ‘ಮ್ಯಾಡ್ ಮಾನ್ಸ್‌ಟರ್ ಪಾರ್ಟಿ’ ಎಂಬ ಬೊಂಬೆಯ ಚಿತ್ರಕ್ಕೆ ಭೂತಗಳ ರೂಪರೇಖೆಯನ್ನೆಲ್ಲ ಡೇವಿಸ್ ಹಾಕಿಕೊಟ್ಟ. ವೃದ್ಧ ಕಾರ್ಲಾಫ್ ಅದರ ಮುಖ್ಯ ಬೊಂಬೆಗೆ ಕಂಠ ಕೊಟ್ಟ. ಎರಡು ವರ್ಷದ ಮೇಲೆ ಕಾರ್ಲಾಫ್ ತೀರಿಕೊಂಡ. ಡೇವಿಸ್ 91 ವರ್ಷ ಬದುಕಿ 2016ರಲ್ಲಿ ಕಾಲವಾದ.

ಮುಖ ಯಾರದು?

ಲುಗೋಸಿಯ ಕಥೆ ಹೀಗೆ ಸುಖವಾಗಿ ಸಾಗಲಿಲ್ಲ. ‘ಡ್ರಾಕುಲಾ’ ಚಿತ್ರದ ಏಳು ವಾರದ ಕೆಲಸಕ್ಕೆ ಆತನಿಗೆ ಸಂದದ್ದು 3500 ಡಾಲರು. ಆ ಒಂದು ಪಾತ್ರ ಆತನನ್ನು ಏರಿಸಿತು, ಅದೇ ಆತನನ್ನು ಕಟ್ಟಿಹಾಕಿತು. ಡ್ರಾಕುಲಾನಾಗಿ ಚಲಚ್ಚಿತ್ರದಲ್ಲಿ ಆತ ಮತ್ತೆ ಪೂರ್ಣವಾಗಿ ಕಾಣಿಸಿಕೊಂಡದ್ದು 1948ರಲ್ಲಿ, ಅಬಟ್ ಮತ್ತು ಕಾಸ್ಟೆಲೋ ಎಂಬ ವಿದೂಷಕ ಜೋಡಿಯ ಹಾಸ್ಯಚಿತ್ರದಲ್ಲಿ. ಅಲ್ಲಿಯೂ ಆತ ನಗದೆ, ಗಾಂಭೀರ್ಯ ಬಿಡದೆ ನಟಿಸಿದ. ಆದ್ದರಿಂದಲೇ ನೋಡುವವರಿಗೆ ನಗು ಬಂತು. ನೋವು ನಿವಾರಿಸುವ ಮದ್ದಿನ ಚಟಕ್ಕೆ ಬಿದ್ದು, 1955ರಲ್ಲಿ ತಾನಾಗಿಯೇ ಚಿಕಿತ್ಸೆಗೆ ಸೇರಿದ. 1956ರ ಆಗಸ್ಟಿನಲ್ಲಿ ಸತ್ತಾಗ ಡ್ರಾಕುಲಾನ ನಿಲುವಂಗಿಯಲ್ಲಿಯೇ ಆತನನ್ನು ಹೂಳಿದರು.

ಸತ್ತ ಮೇಲೂ ವೇಷ ಕಳಚಲಿಲ್ಲ. ಎಡ್ ವುಡ್ ಎಂಬ ನಿರ್ದೇಶಕ ಆತನ ಕೆಲವೇ ನಿಮಿಷಗಳ ದೃಶ್ಯಗಳನ್ನು ಮುಂಚೆಯೇ ತೆಗೆದಿಟ್ಟಿದ್ದ. ಅವನ್ನು ‘ಪ್ಲಾನ್ ನೈನ್ ಫ್ರಂ ಔಟರ್ ಸ್ಪೇಸ್’ ಎಂಬ ಚಿತ್ರಕ್ಕೆ ಹೊಲಿದು, ಉಳಿದ ದೃಶ್ಯಗಳಿಗೆ ತನ್ನ ಹೆಂಡತಿಯ ಮೂಳೆವೈದ್ಯನನ್ನು ಕರೆತಂದ. ಆ ವೈದ್ಯನಿಗೂ ಲುಗೋಸಿಗೂ ಹೋಲಿಕೆಯಿಲ್ಲ. ಆದ್ದರಿಂದ ಆತ ಚಿತ್ರದುದ್ದಕ್ಕೂ ನಿಲುವಂಗಿಯಿಂದ ಮುಖ ಮುಚ್ಚಿಕೊಂಡೇ ಓಡಾಡಿದ! 1957ರಲ್ಲಿ ಮೊದಲು ಪ್ರದರ್ಶಿತವಾದ ಈ ಚಿತ್ರಕ್ಕೆ 1980ರಲ್ಲಿ ಪ್ರಪಂಚದ ಅತ್ಯಂತ ಕೆಟ್ಟ ಚಿತ್ರವೆಂಬ ಬಿರುದು ದೊರೆಯಿತು, ಬಿರುದಿನ ಬೆನ್ನಿಗೇ ಭಕ್ತಮಂಡಳಿಯೂ ಬೆಳೆಯಿತು. ಇದರಲ್ಲಿ ಹೆಣವಾಗಿ ನಡೆದಾಡುವ ತೆಳುಸೊಂಟದ ಹೆಂಗಸು ಮೈಲಾ ನೂರ್ಮಿ. ‘ವ್ಯಾಂಪೈರಾ’ ಎಂಬ ಹೆಸರಿನಿಂದ 1954ರಲ್ಲಿ ಲಾಸ್ ಏಂಜಲೀಸಿನ ಟೆಲಿವಿಷನ್ನಿನಲ್ಲಿ ಭಯಾನಕ ಚಿತ್ರಗಳಿಗೆ ಸೂತ್ರಧಾರಿಣಿಯಾದವಳು. ಆಕೆಗೆ ಆ ಉದ್ಯೋಗ ಹೇಗೆ ಬಂತೆಂಬುದು ಸ್ವಾರಸ್ಯ. 1953ರಲ್ಲಿ ಒಂದು ವೇಷಧಾರಿಗಳ ನೃತ್ಯಕೂಟಕ್ಕೆ ಆಕೆ ಆಡಮ್ಸ್‌ನ ಚಿತ್ರದ ಕಪ್ಪು ನಿಲುವಂಗಿಯ ಗೃಹಿಣಿಯಂತೆ ವೇಷ ಹಾಕಿ ಹೋಗಿ ಬಹುಮಾನ ಗೆದ್ದಿದ್ದಳು. ಚಲಚ್ಚಿತ್ರದಿಂದ ಹುಟ್ಟಿದ ನಗೆಚಿತ್ರ, ನಗೆಚಿತ್ರದಿಂದ ಹುಟ್ಟಿದ ಹೆಂಗಸು, ಆ ಹೆಂಗಸಿನಿಂದ ಮತ್ತೆ ಚಲಚ್ಚಿತ್ರ!

1960ರ ದಶಕದಲ್ಲಿ ಡ್ರಾಕುಲಾನ ಮುಖ ಅಂಗಡಿ ಅಂಗಡಿಯಲ್ಲಿಯೂ ಬಿಕರಿಯಾಗತೊಡಗಿತು: ಮುಖವಾಡ, ಗಾಳಿಪಟ, ಸಾಬೂನು, ಸೊಂಟದ ಪಟ್ಟಿ, ಪೆನ್ಸಿಲ್ ಹೆರೆಯುವ ಸಾಧನ. ಹಣ ಕಂಪನಿಗೆ. 1966ರಲ್ಲಿ ಲುಗೋಸಿಯ ವಿಧವೆಯೂ ಮಗನೂ ದಾವೆ ಹೂಡಿದರು. ಡ್ರಾಕುಲಾ ಯಾರದೇ ಆಗಲಿ, ಆ ಕಣ್ಣು, ಆ ಹುಬ್ಬು ನಮ್ಮ ಮನೆಯವರದಲ್ಲವೇ ಎಂಬುದು ಅವರ ವಾದದ ತಿರುಳು. ಹದಿಮೂರು ವರ್ಷ ಕಳೆದು, 1979ರಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ ನಾಲ್ವರು ಒಂದು ಕಡೆ, ಮೂವರು ಇನ್ನೊಂದು ಕಡೆಯಾಗಿ ತೀರ್ಪಿತ್ತಿತು: ಮುಖದ ಹಕ್ಕು ಮುಖವಿದ್ದವನೊಂದಿಗೇ ಸಾಯುತ್ತದೆ, ವಾರಸುದಾರರಿಗೆ ಇಲ್ಲ. ತೀರ್ಪು ಮನೆಯವರನ್ನು ಸೋಲಿಸಿತು. ಆದರೆ ಎದ್ದ ಪ್ರಶ್ನೆ ಅಡಗಲಿಲ್ಲ. 1984ರಲ್ಲಿ ಅದೇ ಸಂಸ್ಥಾನ ಕಾನೂನು ಮಾಡಿ, ಪ್ರಸಿದ್ಧರು ಸತ್ತ ಬಳಿಕ 50 ವರ್ಷ ಅವರ ಮುಖದ ಹಕ್ಕನ್ನು ಮನೆಯವರಿಗೆ ಕೊಟ್ಟಿತು. ಆಮೇಲೆ ಅದು 70 ವರ್ಷವಾಯಿತು.

ಪಿಯರ್ಸನ ಚಪ್ಪಟೆ ತಲೆಯೂ ಕಂಪನಿಯ ಆಸ್ತಿಯೇ ಆಯಿತು. 1957ರಲ್ಲಿ ಇಂಗ್ಲೆಂಡಿನ ಹ್ಯಾಮರ್ ಕಂಪನಿಯವರು ಫ್ರಾಂಕೆನ್‌ಸ್ಟೈನ್ ಕಥೆಯನ್ನು ಮತ್ತೆ ತೆಗೆದಾಗ, ಕಾದಂಬರಿ ಎಲ್ಲರದಾದರೂ ಆ ತಲೆಯ ಹತ್ತಿರ ಸುಳಿಯಲಾರದೆ ಬೇರೆಯೇ ಮುಖವನ್ನು ಕಲ್ಪಿಸಬೇಕಾಯಿತು. ತಲೆಯನ್ನು ರೂಪಿಸಿದವನನ್ನು ಕಂಪನಿ 1940ರ ದಶಕದ ನಡುವೆಯೇ ಮನೆಗೆ ಕಳಿಸಿತ್ತು. 1968ರಲ್ಲಿ ಪಿಯರ್ಸ್ ಸತ್ತಾಗ ಲೋಕ ಆತನನ್ನು ಮರೆತಿತ್ತು.

ಪಿಯರ್ಸನ ಪೀಠಕ್ಕೆ ಬಂದವನು ಬಡ್ ವೆಸ್ಟ್‌ಮೋರ್. ಆತನ ಇಲಾಖೆಯಲ್ಲಿ ಮಿಲಿಸೆಂಟ್ ಪ್ಯಾಟ್ರಿಕ್ ಎಂಬ ಚಿತ್ರಕಾರಳಿದ್ದಳು. ಮುಂಚೆ ವಾಲ್ಟ್ ಡಿಸ್ನಿಯ ಚಿತ್ರಶಾಲೆಯಲ್ಲಿ ದುಡಿದವಳು. 1954ರ ‘ಕ್ರೀಚರ್ ಫ್ರಂ ದಿ ಬ್ಲ್ಯಾಕ್ ಲಗೂನ್’ ಚಿತ್ರಕ್ಕೆ ಮೀನಿನ ಕಿವಿರು, ಹುರುಪೆಯ ಮೈ, ದಪ್ಪ ತುಟಿಗಳ ಜಲಮಾನವನ ರೂಪವನ್ನು ಬರೆದುಕೊಟ್ಟವಳು ಆಕೆ. ಮುಂದೆ ನೂರಾರು ನಗೆಚಿತ್ರಗಳ ಸ್ನಾನದ ತೊಟ್ಟಿಗಳಲ್ಲಿ ಕುಳಿತ ಪ್ರಾಣಿ ಅದೇ. ಆಕೆ ರೂಪವತಿಯೂ ಹೌದು. ಆದ್ದರಿಂದ ಕಂಪನಿ, ಮೃಗವನ್ನು ಸೃಷ್ಟಿಸಿದ ಸುಂದರಿಯೆಂದು ಆಕೆಯನ್ನು ಪ್ರಚಾರಕ್ಕಾಗಿ ಊರೂರಿಗೆ ಕಳಿಸಲು ಹವಣಿಸಿತು. ವೆಸ್ಟ್‌ಮೋರನಿಗೆ ಇದು ಸಹಿಸಲಿಲ್ಲ. ಮೃಗದೊಂದಿಗೆ ಬಾಳುವ ಸುಂದರಿಯೆಂದು ಪ್ರಚಾರದ ಮಾತು ಬದಲಾಯಿತು. ಆಕೆ ಹೋದಲ್ಲೆಲ್ಲ ಆ ಇಲಾಖೆಯ ಹೆಸರನ್ನೇ ಹೊಗಳಿದಳು. ಪ್ರವಾಸ ಮುಗಿಸಿ ಬಂದರೆ ಕೆಲಸವೇ ಇಲ್ಲ. ಚಿತ್ರದಲ್ಲಿ ಆಕೆಯ ಹೆಸರೂ ಇಲ್ಲ. 1998ರಲ್ಲಿ ಆಕೆ ಕಣ್ಮುಚ್ಚಿದಳು; ಆಕೆಯ ಬಾಳನ್ನು ಕುರಿತು ಒಂದು ಪೂರ್ಣ ಗ್ರಂಥ ಬರಲು 2019ರವರೆಗೆ ಕಾಯಬೇಕಾಯಿತು.

ಈ ನಡುವೆ ನಗೆಯ ಕುಂಚ ಮಾತ್ರ ನಿಲ್ಲಲಿಲ್ಲ. ಗೇಹನ್ ವಿಲ್ಸನ್ ಎಂಬಾತ ಹಿಟ್ಟಿನ ಮುದ್ದೆಯಂತೆ ಕರಗುವ ಭೂತಗಳನ್ನು ಬರೆದು ಸಂಪಾದಕರ ಬಾಗಿಲಿಗೆ ಅಲೆದ. ನಮಗೆ ನಗು ಬರುತ್ತದೆ, ಓದುಗರಿಗೆ ತಿಳಿಯದು ಎಂದು ಎಲ್ಲರೂ ಹಿಂದಿರುಗಿಸಿದರು. ‘ಕಾಲಿಯರ್ಸ್’ ಪತ್ರಿಕೆಯ ನಗೆಚಿತ್ರದ ಸಂಪಾದಕ ಕೆಲಸ ಬಿಟ್ಟುಹೋದಾಗ ತಾತ್ಕಾಲಿಕವಾಗಿ ಕುಳಿತವನಿಗೆ, ಓದುಗರಿಗೆ ತಿಳಿಯುವುದಿಲ್ಲವೆಂಬ ಸಂಗತಿಯೇ ತಿಳಿದಿರಲಿಲ್ಲ, ಕೊಂಡುಬಿಟ್ಟ. ವಿಲ್ಸನ್‌ಗೆ ದಾರಿ ತೆರೆಯಿತು. ಎಡ್ವರ್ಡ್ ಗೋರಿ 1977ರಲ್ಲಿ ನ್ಯೂಯಾರ್ಕಿನ ರಂಗದ ಮೇಲೆ ‘ಡ್ರಾಕುಲಾ’ ನಾಟಕಕ್ಕೆ ಸಜ್ಜು ಬರೆದ. ಅದು 1927ರಲ್ಲಿ ಲುಗೋಸಿ ಅದೇ ನಗರದಲ್ಲಿ ಆಡಿದ ನಾಟಕವೇ. ಗೋರಿಯ ರಂಗವೆಲ್ಲ ಪೆನ್ನಿನ ಗೀರಿನಿಂದ ತುಂಬಿದ ಕಪ್ಪು-ಬಿಳುಪು, ಗೋಡೆಯ ಅಲಂಕಾರದಲ್ಲೆಲ್ಲ ಬಾವಲಿಗಳು. ದೃಶ್ಯಕ್ಕೆ ಒಂದೇ ಒಂದು ಚುಕ್ಕೆ ಕೆಂಪು. ಪೆನ್ನು ಹಿಡಿದ ಆತನಿಗೆ ಸಿಕ್ಕ ಟೋನಿ ಬಹುಮಾನ ಉಡುಪಿನ ವಿನ್ಯಾಸಕ್ಕಾಗಿ!

ಚಾರ್ಲ್ಸ್ ಆಡಮ್ಸ್ 1980ರಲ್ಲಿ ಸಾಕುಪ್ರಾಣಿಗಳ ಸ್ಮಶಾನದಲ್ಲಿ ಮೂರನೆಯ ಮದುವೆ ಮಾಡಿಕೊಂಡು, 1988ರಲ್ಲಿ ತೀರಿಕೊಂಡ. ಟೆಲಿವಿಷನ್ನಿನಲ್ಲಿ ಆತನ ಸಂಸಾರ ಮನೆಮಾತಾದ ಬಳಿಕ ‘ನ್ಯೂಯಾರ್ಕರ್’ ಸಂಪಾದಕ ವಿಲಿಯಂ ಷಾನ್ ಆ ಸಂಸಾರದ ಚಿತ್ರಗಳನ್ನು ತನ್ನ ಪತ್ರಿಕೆಯಲ್ಲಿ ನಿಲ್ಲಿಸಿದ್ದ. ಹುಟ್ಟಿದ ಮನೆಯಲ್ಲಿಯೇ ಅವರಿಗೆ ಠಾವಿಲ್ಲವಾಗಿತ್ತು.

ಭೂತಗಳ ವೇಷ ಹಾಕಿದವರ ಮಕ್ಕಳು ಮೊಮ್ಮಕ್ಕಳು ಒಟ್ಟುಗೂಡಿ ಬಹುಕಾಲ ಪಟ್ಟುಹಿಡಿದ ಫಲವಾಗಿ, 1997ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಂಚೆ ಇಲಾಖೆ 32 ಸೆಂಟಿನ ಐದು ಅಂಚೆಚೀಟಿಗಳನ್ನು ಹೊರಡಿಸಿತು. ಮೂಕಚಿತ್ರಗಳ ಕಾಲದ ಲಾನ್ ಚೇನಿ, ಆತನ ಮಗ ತೋಳ-ಮನುಷ್ಯ, ಲುಗೋಸಿ—ಮೂವರಿಗೂ ಒಂದೊಂದು. ಕಾರ್ಲಾಫನಿಗೆ ಎರಡು, ಒಂದರಲ್ಲಿ ಹೆಣದ ತುಂಡುಗಳ ಪ್ರಾಣಿ, ಇನ್ನೊಂದರಲ್ಲಿ ಮಮ್ಮಿ. ಎರಡರಲ್ಲಿಯೂ ಕಾಣುವುದು ಪಿಯರ್ಸ್ ಹಚ್ಚಿದ ಬಣ್ಣ.